ಒಂದೇ ಒಲೆ, ಒಂದೇ ಗಡಿಯಾರ: ಪುಟ್ಟ ಮಕ್ಕಳಿರುವ ಮನೆಯ ಆರೋಗ್ಯಕ್ಕೆ ಸಮಗ್ರ ಮಾರ್ಗದರ್ಶಿ

ಆರು ತಿಂಗಳಿಂದ ಆರು ವರ್ಷದೊಳಗಿನ ಮಗು ಇರುವ ಮನೆಗಳಲ್ಲಿ ಕೇಳಿಬರುವ ದೂರುಗಳು ನಾಲ್ಕೈದೇ. ಊಟ ಸೇರಲ್ಲ, ಮೊಬೈಲ್ ಇಲ್ಲದೆ ತುತ್ತು ಇಳಿಯಲ್ಲ, ರಾತ್ರಿ ಹನ್ನೊಂದಾದರೂ ಮಲಗಲ್ಲ, ಅಂಗಡಿ ತಿಂಡಿಗೇ ಹಟ. ಒಂದೊಂದಕ್ಕೂ ಒಂದೊಂದು ಪುಡಿ, ಒಂದೊಂದು ಸಿರಪ್ಪು ಹುಡುಕುತ್ತೇವೆ. ಆದರೆ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ತಡವಾಗಿ ಮಲಗಿದ ಮಗು ತಡವಾಗಿ ಏಳುತ್ತದೆ, ಬೆಳಗಿನ ತಿಂಡಿ ಬಿಡುತ್ತದೆ, ಹನ್ನೊಂದಕ್ಕೆ ಬಿಸ್ಕತ್ತು ಕೇಳುತ್ತದೆ, ಮಧ್ಯಾಹ್ನದ ಊಟಕ್ಕೆ ಹಸಿವಿರುವುದಿಲ್ಲ, ಆಗ ಮೊಬೈಲ್ ಹೊರಗೆ ಬರುತ್ತದೆ. ಮಗುವಿಗೆ ಮಾತ್ರ ನಿಯಮ ಹಾಕಿ, ದೊಡ್ಡವರ ಊಟ, ಟಿವಿ, ನಿದ್ದೆ ಮೊದಲಿನಂತೆಯೇ ಇದ್ದರೆ ಈ ಸರಪಳಿ ಕಡಿಯುವುದಿಲ್ಲ. ಬದಲಾಗಬೇಕಿರುವುದು ಇಡೀ ಮನೆ. ಅದನ್ನು ಎಲ್ಲಿಂದ ಹಿಡಿದು ಯಾವ ಕ್ರಮದಲ್ಲಿ ಮಾಡಬಹುದು ಎಂಬುದು ಮುಂದಿದೆ. ಎಲ್ಲವನ್ನೂ ಒಂದೇ ಸೋಮವಾರ ಶುರುಮಾಡಬೇಡಿ. ಆರು ವಾರ ಹಿಡಿಯುತ್ತದೆ.

ಮೊದಲು ಮೂರು ದಿನ ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ಮೂರು ದಿನ (ಅದರಲ್ಲಿ ಒಂದು ಭಾನುವಾರ ಇರಲಿ) ಗಂಟೆ ಸಮೇತ ಬರೆಯಿರಿ: ಮಗುವಿನ ಬಾಯಿಗೆ ಏನೇನು ಹೋಯಿತು, ಎಷ್ಟು ಹೊತ್ತಿಗೆ ಎದ್ದಿತು, ಮಲಗಿತು, ಎಷ್ಟು ನಿಮಿಷ ಹೊರಗೆ ಆಡಿತು, ಎಷ್ಟು ನಿಮಿಷ ಪರದೆ (ಟಿವಿ, ಮೊಬೈಲ್) ನೋಡಿತು. ತಾತನ ಲೋಟದಿಂದ ಕುಡಿದ ಎರಡು ಗುಟುಕು ಟೀ, ಪಕ್ಕದ ಮನೆಯವರು ಕೊಟ್ಟ ಚಾಕೊಲೇಟ್, ಅಳು ನಿಲ್ಲಿಸಲು ಕೊಟ್ಟ ರಸ್ಕ್, ಎಲ್ಲವೂ ಸೇರಲಿ. ದೊಡ್ಡವರು ಎಷ್ಟು ಹೊತ್ತಿಗೆ ಉಂಡರು, ಟಿವಿ ಎಷ್ಟರಿಂದ ಎಷ್ಟರವರೆಗೆ ಓಡಿತು ಎಂಬುದನ್ನೂ ಬರೆಯಿರಿ.

ನಾಲ್ಕನೇ ದಿನ ಓದಿ ನೋಡಿದರೆ, ಏನೂ ತಿನ್ನಲ್ಲ ಎಂದುಕೊಂಡಿದ್ದ ಮಗು ದಿನಕ್ಕೆ ಎಂಟೊಂಬತ್ತು ಸಲ ಚೂರುಪಾರು ತಿಂದಿರುವುದು ಕಾಣಬಹುದು. ಮುಖ್ಯವಾಗಿ ಹಾಲಿನ ಲೆಕ್ಕ ಕೂಡಿ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಹಾಲು ಸಾಕು. ಮುಕ್ಕಾಲು ಲೀಟರ್, ಒಂದು ಲೀಟರ್ ಕುಡಿಯುವ ಮಗುವಿನ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿರುವುದಿಲ್ಲ. ಹಾಲಿನಲ್ಲಿ ಕಬ್ಬಿಣದಂಶ ತೀರಾ ಕಡಿಮೆ, ಹಾಗಾಗಿ ರಕ್ತಹೀನತೆಗೂ ಇದೇ ದಾರಿ. ಒಂದು ವರ್ಷ ತುಂಬುವ ಮೊದಲು ಹಸುವಿನ ಹಾಲನ್ನು ಮುಖ್ಯ ಆಹಾರವಾಗಿ ಕೊಡಲೇಬಾರದು. ಎದೆಹಾಲು ಎರಡು ವರ್ಷದವರೆಗೂ, ಅದರಾಚೆಗೂ ಮುಂದುವರಿಯಬಹುದು.

ಗಡಿಯಾರವನ್ನು ಹಿಂದಿನಿಂದ ಎಣಿಸಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 4ರಿಂದ 11 ತಿಂಗಳ ಮಗುವಿಗೆ ದಿನಕ್ಕೆ 12–16 ಗಂಟೆ, 1–2 ವರ್ಷದ ಮಗುವಿಗೆ 11–14 ಗಂಟೆ, 3–4 ವರ್ಷದ ಮಗುವಿಗೆ 10–13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲೇ ಸೇರಿದೆ.

ಲೆಕ್ಕ ಹೀಗೆ. ಶಾಲೆಯ ವ್ಯಾನ್ ಎಂಟಕ್ಕೆ ಬರುವುದಾದರೆ ಮಗು 6.30ಕ್ಕೆ ಏಳಬೇಕು. ರಾತ್ರಿ 10 ಗಂಟೆ ನಿದ್ದೆಯಾಗಬೇಕಾದರೆ 8.30ಕ್ಕೆ ಕಣ್ಣು ಮುಚ್ಚಿರಬೇಕು. ಅಂದರೆ ಎಂಟಕ್ಕೆ ಹಾಸಿಗೆ, ಏಳಕ್ಕೆ ಊಟ, 4.30ಕ್ಕೆ ಸಂಜೆಯ ತಿಂಡಿ, ಐದರಿಂದ ಆರೂಕಾಲರವರೆಗೆ ಆಟ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಏಳಕ್ಕೆ ಊಟ.

ಈಗ ಹತ್ತೂವರೆಗೆ ಮಲಗುವ ಮಗುವನ್ನು ನಾಳೆಯೇ ಎಂಟೂವರೆಗೆ ಮಲಗಿಸಲು ಹೋದರೆ ಎರಡು ಗಂಟೆ ಕತ್ತಲಲ್ಲಿ ಅಳು, ಜಗಳ ಅಷ್ಟೇ. ಮೊದಲು ಏಳುವ ಹೊತ್ತನ್ನು ಸರಿಸಿ. ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಎಬ್ಬಿಸಿ, ಕಿಟಕಿಯ ಪರದೆ ಸರಿಸಿ ಬೆಳಕು ಬರಲಿ, ಅಂಗಳಕ್ಕೆ ಕರೆದುಕೊಂಡು ಹೋಗಿ. ಅದರ ಹಿಂದೆಯೇ ಊಟ ಮತ್ತು ಮಲಗುವ ಹೊತ್ತೂ 15 ನಿಮಿಷ ಹಿಂದಕ್ಕೆ ಬರಲಿ. 120 ನಿಮಿಷ ಸರಿಸಲು ಎಂಟು ಮೆಟ್ಟಿಲು, ಅಂದರೆ 24 ದಿನ. ಮಧ್ಯಾಹ್ನದ ನಿದ್ದೆ ಮೂರೂವರೆಯೊಳಗೆ ಮುಗಿಯಲಿ. ಭಾನುವಾರವೂ ಅರ್ಧ ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ಒಂದು ಭಾನುವಾರ ಒಂಬತ್ತರವರೆಗೆ ಮಲಗಿಸಿದರೆ ವಾರದ ಶ್ರಮವೆಲ್ಲ ಹೋಗುತ್ತದೆ.

ಕೆಡುವುದು ಎಲ್ಲಿ? ಮೈಸೂರಿನಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಅಪ್ಪ ಒಂಬತ್ತಕ್ಕೆ ಬರುತ್ತಾರೆ. ಮಗು ಎದ್ದು ಕುಣಿಯುತ್ತದೆ. ಇಡೀ ದಿನ ಕಾದ ಮಗುವಿಗೆ ಅಪ್ಪ ಬೇಡವೆನ್ನಲಾಗದು. ಹಾಗಾಗಿ ಅಪ್ಪನ ಪಾಲನ್ನು ಬೆಳಗ್ಗೆಗೆ ಕೊಡಿ. ಹಲ್ಲುಜ್ಜಿಸುವುದು, ಸ್ನಾನ, ತಿಂಡಿ ತಿನ್ನಿಸುವುದು ಅವರದೇ ಕೆಲಸವಾಗಲಿ. ಮಂಡ್ಯದ ಹಳ್ಳಿಗಳಲ್ಲಿ ತೊಡಕು ಬೇರೆ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಏಳಾಗಿರುತ್ತದೆ, ಆಮೇಲೆ ಒಲೆ ಹಚ್ಚಿದರೆ ಊಟ ಒಂಬತ್ತಕ್ಕೇ. ಇಂಥ ಮನೆಗಳಲ್ಲಿ ಸಾರನ್ನು ಮಧ್ಯಾಹ್ನವೇ ರಾತ್ರಿಗೂ ಸೇರಿಸಿ ಮಾಡಿಟ್ಟು, ಡೈರಿಯಿಂದ ಬಂದ ಮೇಲೆ ಸಾರು ಕುದಿಸಿ ಮುದ್ದೆ ತೊಳಸುವುದೊಂದೇ ಉಳಿದರೆ ಇಪ್ಪತ್ತು ನಿಮಿಷದಲ್ಲಿ ಮಗು ತಟ್ಟೆಯ ಮುಂದೆ ಕೂತಿರುತ್ತದೆ.

ಮಗುವಿಗೆ ಬೇರೆ ಅಡುಗೆ ಬೇಡ

ಒಂದು ವರ್ಷದ ಮೇಲೆ ಮಗು ಮನೆಯವರ ಊಟವನ್ನೇ ಉಣ್ಣಬೇಕು. ಖಾರ ಜಾಸ್ತಿ ಎಂದು ಮಗುವಿಗೆ ಮಾತ್ರ ತಿಳಿಸಾರು ಅನ್ನ, ಹಾಲು ಅನ್ನ, ಮೊಸರನ್ನದಲ್ಲೇ ವರ್ಷಗಟ್ಟಲೆ ಕಳೆಯುವುದು ದೊಡ್ಡ ತಪ್ಪು. ಅದರಲ್ಲಿ ಸೊಪ್ಪಿಲ್ಲ, ಕಾಳಿಲ್ಲ, ಅಗಿಯುವ ಕೆಲಸವಿಲ್ಲ.

ಇದಕ್ಕೆ ಪರಿಹಾರ ನಮ್ಮ ಮೈಸೂರು, ಮಂಡ್ಯ ಸೀಮೆಯ ಅಡುಗೆಯಲ್ಲೇ ಇದೆ. ಕಾಳು, ಸೊಪ್ಪು ಬೇಯಿಸಿ ಮಾಡುವ ಉಪ್ಪೆಸರಿನಲ್ಲಿ ಖಾರ ಮಡಕೆಯೊಳಗೆ ಬೀಳುವುದೇ ಇಲ್ಲ, ಬೇರೆಯಾಗಿ ಅರೆದು ತಟ್ಟೆಯಲ್ಲಿ ಕಲಸಿಕೊಳ್ಳುತ್ತೇವೆ. ಒಂದೇ ಮಡಕೆಯಿಂದ ತಾತನಿಗೂ ಮೊಮ್ಮಗುವಿಗೂ ಬಡಿಸಬಹುದಾದ ಇದಕ್ಕಿಂತ ಒಳ್ಳೆಯ ಅಡುಗೆ ಇನ್ನೊಂದು ಸಿಗದು.

ನಾಲ್ಕು ಜನರ ಮನೆಗೆ ಒಂದು ಲೋಟ (ಸುಮಾರು 200 ಗ್ರಾಂ) ಹಲಸಂದೆ, ಹುರುಳಿ ಅಥವಾ ಹೆಸರುಕಾಳನ್ನು ಎಂಟು ಗಂಟೆ ನೆನೆಸಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೂರ್ನಾಲ್ಕು ಕೂಗು ಬೇಯಿಸಿ. ಹುರುಳಿಗೆ ಇನ್ನೆರಡು ಕೂಗು ಹೆಚ್ಚು. ಕುಕ್ಕರ್ ತೆರೆದು, ಹೆಚ್ಚಿದ ಎರಡು ಕಟ್ಟು ದಂಟು, ಕೀರೆ ಅಥವಾ ಎರಡು ಹಿಡಿ ನುಗ್ಗೆಸೊಪ್ಪು ಹಾಕಿ ಮುಚ್ಚಳವಿಲ್ಲದೆ ಐದು ನಿಮಿಷ ಕುದಿಸಿ. ಉಪ್ಪು ಹಾಕುವ ಮೊದಲೇ ಮಗುವಿನ ಪಾಲು ತೆಗೆಯಿರಿ: ಎರಡು ಮೂರು ಊಟದ ಚಮಚ ಕಾಳು, ಅದರಷ್ಟೇ ಸೊಪ್ಪು, ಸ್ವಲ್ಪ ಕಟ್ಟು (ಬೆಂದ ನೀರು). ಒಂದು ವರ್ಷದೊಳಗಿನ ಮಗುವಿಗೆ ಉಪ್ಪು ಬೇಡವೇ ಬೇಡ, ಕಾಳು ಸೊಪ್ಪು ನುಣ್ಣಗೆ ಮಸೆದಿರಬೇಕು. 1ರಿಂದ 3 ವರ್ಷದವರಿಗೆ ದಿನವಿಡೀ ಸೇರಿ ಸುಮಾರು 2 ಗ್ರಾಂ, ಅಂದರೆ ಟೀ ಚಮಚದ ಮೂರನೇ ಒಂದು ಭಾಗ ದಾಟದಿರಲಿ. ಮೇಲೆ ಒಂದು ಟೀ ಚಮಚ ತುಪ್ಪ, ಅರ್ಧ ಹೋಳು ನಿಂಬೆರಸ. ನಿಂಬೆ ರುಚಿಗಷ್ಟೇ ಅಲ್ಲ: ಕಾಳು, ಸೊಪ್ಪಿನ ಕಬ್ಬಿಣ ದೇಹ ಸೇರಲು ಅದರ ಸಿ ಜೀವಸತ್ವ ಬೇಕು. ಊಟದ ಹಿಂದೆ ಮುಂದೆ ಟೀ ಕೊಟ್ಟರೆ ಅದೇ ಕಬ್ಬಿಣಕ್ಕೆ ಅಡ್ಡಿ. ಟೀಯಲ್ಲಿ ಬನ್ನು ಅದ್ದಿಕೊಡುವ ಅಭ್ಯಾಸವನ್ನು ಬಿಡಬೇಕೆನ್ನುವುದು ಇದಕ್ಕೇ.

ಮುದ್ದೆಯನ್ನು ಪುಟ್ಟ ಮಗುವಿಗೆ ಗುಳಿಗೆಯಂತೆ ನುಂಗಿಸಬೇಡಿ. ಮೆತ್ತಗೆ ತೊಳಸಿದ ಮುದ್ದೆಯ ಅಡಿಕೆ ಗಾತ್ರದ ಉಂಡೆ ತಟ್ಟೆಯಲ್ಲಿಡಿ, ಅದೇ ಚಿವುಟಿ ಸಾರಿನಲ್ಲಿ ಅದ್ದಿಕೊಳ್ಳಲಿ. ಮೂರು ವರ್ಷವಾದ ಮೇಲೆ ಸಾಸಿವೆಕಾಳಿನಷ್ಟು ಖಾರ ತಟ್ಟೆಯ ಅಂಚಿಗೆ ಬರಬಹುದು. ಬಸ್ಸಾರಿನ ಪಲ್ಯಕ್ಕೂ ಇದೇ ಉಪಾಯ: ಒಗ್ಗರಣೆಗೆ ಮೆಣಸಿನಕಾಯಿ ಬೀಳುವ ಮುನ್ನ ಮಗುವಿನ ಪಾಲು ಪಕ್ಕಕ್ಕೆ. ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಆರು ತಿಂಗಳ ಮೇಲೆ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಮಸೆದ ಕೋಳಿಮಾಂಸ ಕೊಡಬಹುದು. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಹಿಡಿಯುತ್ತದೆ.

ಅಳತೆಯ ಅಂದಾಜಿಗೆ 250 ಮಿಲಿಲೀಟರ್ ಬಟ್ಟಲನ್ನು ಇಟ್ಟುಕೊಳ್ಳಿ. 6–8 ತಿಂಗಳಲ್ಲಿ ಎರಡು ಮೂರು ಚಮಚದಿಂದ ಶುರುಮಾಡಿ ಅರ್ಧ ಬಟ್ಟಲಿನವರೆಗೆ, ದಿನಕ್ಕೆ 2–3 ಸಲ. 9–11 ತಿಂಗಳಲ್ಲಿ ಅರ್ಧ ಬಟ್ಟಲು, 3–4 ಸಲ. 1–2 ವರ್ಷದಲ್ಲಿ ಮುಕ್ಕಾಲರಿಂದ ಒಂದು ಬಟ್ಟಲು, 3–4 ಸಲ, ಜೊತೆಗೆ ಒಂದೆರಡು ಸಣ್ಣ ತಿಂಡಿ.

ಮೊಳಕೆ ರಾಗಿ ಹಿಟ್ಟು, ಸರಿಯಾಗಿ

ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ರಾಗಿಯಿಂದಲೇ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅದರ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣವನ್ನು ದೇಹ ಸೇರದಂತೆ ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ.

ಮೊಳಕೆಯಿಂದ ಇನ್ನೊಂದು ಲಾಭವಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬರೀ ರಾಗಿಹಿಟ್ಟಿನ ಸರಿ (ಮಗುವಿನ ಗಂಜಿ) ಕುದಿಯುತ್ತಲೇ ಗಟ್ಟಿಯಾಗುತ್ತದೆ, ನಾವು ನೀರು ಸೇರಿಸುತ್ತಾ ಹೋಗುತ್ತೇವೆ. ಕೊನೆಗೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ತೆಳುವಾಗಿಸುತ್ತದೆ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಹೆಚ್ಚು ಶಕ್ತಿ ಸಿಗುತ್ತದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರದ ಮೇಲೆ ಕೆಲಸ ನಡೆದದ್ದು ಈ ಗುಣದಿಂದಾಗಿಯೇ.

700 ಗ್ರಾಂ ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, ನಾಲ್ಕು ನೀರು ತೊಳೆದು 12 ಗಂಟೆ ನೆನೆಸಿ. ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಆರೇಳು ಗಂಟೆಗೊಮ್ಮೆ ನೀರು ಚಿಮುಕಿಸುತ್ತಾ 24ರಿಂದ 36 ಗಂಟೆ ಬಿಡಿ. ಮೊಳಕೆ ಅರ್ಧ ಸೆಂಟಿಮೀಟರ್ ಬಂದರೆ ಸಾಕು. ಬೇರೆ ಪಾತ್ರೆಯಲ್ಲಿ 300 ಗ್ರಾಂ ಹೆಸರುಕಾಳನ್ನು 8 ಗಂಟೆ ನೆನೆಸಿ 12–16 ಗಂಟೆ ಮೊಳಕೆ ಕಟ್ಟಿ. ಎರಡನ್ನೂ ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ. ಬಟ್ಟೆಯಲ್ಲಿ ತಿಕ್ಕಿದರೆ ರಾಗಿಯ ಬೇರಿನೆಳೆ, ಹೆಸರಿನ ಸಿಪ್ಪೆ ಉದುರುತ್ತವೆ, ಕೇರಿ ತೆಗೆಯಿರಿ. ಬಾಣಲೆಯಲ್ಲಿ ಬಹಳ ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಬಿಸಿಮಾಡಿ. ಕೆಂಪಗೆ ಹುರಿದರೆ ಕಿಣ್ವ ಸಾಯುತ್ತದೆ, ಸರಿ ಮತ್ತೆ ಗಟ್ಟಿಯಾಗುತ್ತದೆ. ಗಿರಣಿಯಲ್ಲಿ ನುಣ್ಣಗೆ ಬೀಸಿಸಿ ಜರಡಿ ಹಿಡಿಯಿರಿ. ಮೆಣಸಿನಪುಡಿ ಬೀಸಿದ ಕಲ್ಲಿನಲ್ಲಿ ಅಲ್ಲ ಎಂದು ಗಿರಣಿಯವರಿಗೆ ಮೊದಲೇ ಹೇಳಿ.

ಆಷಾಢದ ಮೋಡದಲ್ಲಿ ಇದನ್ನು ಮಾಡಲು ಹೋಗಬೇಡಿ. ಎರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ತೊಳೆದು ಹುರಿದು ಉಳಿಸಿಕೊಳ್ಳಲು ನೋಡದೆ ಪೂರ್ತಿ ಚೆಲ್ಲಿ. ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಹಿಟ್ಟು ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ಇರುತ್ತದೆ.

ಎರಡು ಊಟದ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಒಂದು ಲೋಟದಷ್ಟು ಮಾಡಿಕೊಂಡು, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುವಿ. ಸಿಹಿಗೆ ಮಸೆದ ಬಾಳೆಹಣ್ಣು. ಸಕ್ಕರೆ ನಾಡಿನಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕು: ಆಲೆಮನೆಯಿಂದ ನೇರ ಬಂದ ಬೆಲ್ಲವೂ ಮುಕ್ಕಾಲಿಗೂ ಹೆಚ್ಚು ಸಕ್ಕರೆಯೇ. ಎರಡು ವರ್ಷದವರೆಗೆ ಎರಡೂ ಬೇಡ. ಜೇನುತುಪ್ಪ ಒಂದು ವರ್ಷದೊಳಗೆ ನೆಕ್ಕಿಸಲೂ ಬಾರದು, ಅದರಲ್ಲಿರಬಹುದಾದ ಬಾಟುಲಿನಂ ಎಂಬ ರೋಗಾಣುವಿನ ಬೀಜ ಎಳೆಗರುಳಿನಲ್ಲಿ ಪ್ರಾಣಾಂತಿಕವಾಗಬಲ್ಲದು.

ಊಟದ ಜಗಳ, ಮೊಬೈಲಿನ ತುತ್ತು

ಮೂರು ಕೆಜಿಗೆ ಹುಟ್ಟಿದ ಮಗು ಮೊದಲ ವರ್ಷ ಸುಮಾರು ಆರು ಕೆಜಿ ಹೆಚ್ಚುತ್ತದೆ. ಎರಡನೇ ವರ್ಷ ಹೆಚ್ಚುವುದು ಎರಡರಿಂದ ಎರಡೂವರೆ ಕೆಜಿ, ಆಮೇಲೆ ವರ್ಷಕ್ಕೆ ಸುಮಾರು ಎರಡು. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ. ಒಂದು ವರ್ಷ ದಾಟುತ್ತಲೇ ‘ಊಟ ಬಿಟ್ಟುಬಿಟ್ಟಿದೆ’ ಎಂದು ತಾಯಂದಿರು ಕಂಗಾಲಾಗುವುದು ಇದರಿಂದ. ಅಲ್ಲಿಂದ ಬಲವಂತ, ಬಲವಂತದಿಂದ ಮೊಬೈಲ್.

ಪರದೆ ನೋಡುತ್ತಾ ಉಣ್ಣುವ ಮಗುವಿಗೆ ರುಚಿಯೂ ತಿಳಿಯದು, ಹೊಟ್ಟೆ ತುಂಬಿದ್ದೂ ತಿಳಿಯದು. ಅನ್ನವನ್ನು ದವಡೆಯಲ್ಲಿಟ್ಟುಕೊಂಡು ಅಗಿಯದೆ ಕೂರುತ್ತದೆ. ಬಿಡಿಸುವ ಕ್ರಮ: ಮೊದಲ ವಾರ, ಹಸಿವು ಹೆಚ್ಚಿರುವ ಒಂದೇ ಊಟದಲ್ಲಿ (ಆಟವಾಡಿ ಬಂದ ಮೇಲಿನ ರಾತ್ರಿಯೂಟ ಸರಿ) ಮೊಬೈಲ್ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂರಬೇಕು, ದೊಡ್ಡವರ ಫೋನುಗಳೂ ಚಾರ್ಜರ್ ಹತ್ತಿರವೇ ಇರಬೇಕು. ಊಟಕ್ಕೆ ಎರಡು ಗಂಟೆ ಮುಂಚಿನಿಂದ ನೀರು ಬಿಟ್ಟು ಬೇರೇನೂ ಬೇಡ. ತಟ್ಟೆಗೆ ಮೂರು ಬಗೆ ಬಡಿಸಿ, ಅದರಲ್ಲೊಂದು ಮಗುವಿಗೆ ಇಷ್ಟವಾದದ್ದು. ಏನು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ನಿಮ್ಮ ತೀರ್ಮಾನ, ಎಷ್ಟು ತಿನ್ನಬೇಕೆಂಬುದು ಮಗುವಿನದು. ಇಪ್ಪತ್ತೈದು ನಿಮಿಷವಾದರೆ ಮಾತಿಲ್ಲದೆ ತಟ್ಟೆ ತೆಗೆಯಿರಿ. ಮೊದಲ ಮೂರು ದಿನ ನಾಲ್ಕು ತುತ್ತಿಗೇ ಎದ್ದೀತು. ಆರೋಗ್ಯವಾಗಿರುವ ಮಗು ಅದರಿಂದ ಸೊರಗುವುದಿಲ್ಲ. ಪ್ರಯತ್ನ ಸೋಲುವುದು ಒಂದೇ ಕಾರಣಕ್ಕೆ: ಒಂಬತ್ತು ಗಂಟೆಗೆ ಅಯ್ಯೋ ಪಾಪವೆಂದು ಯಾರೋ ಬಾಟಲಿ ಹಾಲೋ ಬಿಸ್ಕತ್ತೋ ಕೊಟ್ಟಿರುತ್ತಾರೆ. ಎರಡನೇ ವಾರ ಇನ್ನೊಂದು ಊಟ, ಮೂರನೇ ವಾರ ಮತ್ತೊಂದು.

ಹೊಸ ತರಕಾರಿಯನ್ನು ಒಂದೆರಡು ಸಲ ಉಗುಳಿದರೆ ಕೈಬಿಡಬೇಡಿ. ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆಯೇ ಒಗ್ಗುತ್ತದೆ. ಈರನಗೆರೆ ಬದನೆಯ ಮೆತ್ತನೆ ಒಂದು ಹೋಳನ್ನು ಅಪ್ಪ ಚಪ್ಪರಿಸಿ ತಿನ್ನುವುದನ್ನು ನೋಡುವುದೂ ಆ ಎಣಿಕೆಯಲ್ಲಿ ಸೇರುತ್ತದೆ.

ಎರಡು ವರ್ಷದೊಳಗೆ ಪರದೆ ಬೇಡ. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ಆರರಿಂದ ಎಂಟೂವರೆಯವರೆಗೆ ಟಿವಿ ಆರಿರಬೇಕು, ಅಂದರೆ ಅಜ್ಜಿಯ ಧಾರಾವಾಹಿ ಮಾರನೇ ದಿನದ ಮರುಪ್ರಸಾರಕ್ಕೆ ಹೋಗಬೇಕು. ಇದನ್ನು ಅಪ್ಪಣೆಯಂತೆ ಹೇಳಿದರೆ ಮನೆ ಒಡೆಯುತ್ತದೆ. ಅಜ್ಜಿಗೆ ಒಂದು ಅಧಿಕಾರ ಕೊಟ್ಟು ಹೇಳಿ: “ಅತ್ತೆ, ನಾಲ್ಕೂವರೆ ತಿಂಡಿ, ರಾತ್ರಿ ಕಥೆ ಎರಡೂ ನಿಮ್ಮದೇ. ನೀವು ಹೇಳಿದ್ರೇನೇ ಅವಳು ಮಲಗೋದು.” ಚಾಕೊಲೇಟು ಕೊಟ್ಟು ಪಡೆಯುತ್ತಿದ್ದ ಪ್ರೀತಿಯನ್ನು ಅವರು ಕಥೆ ಹೇಳಿ ಪಡೆಯುತ್ತಾರೆ.

ಅಂಗಡಿಯ ಪೊಟ್ಟಣ

ಪೊಟ್ಟಣದ ಹಿಂಬದಿ ಓದಲು ಒಂದೇ ಲೆಕ್ಕ ಸಾಕು: ಸಕ್ಕರೆಯ ಗ್ರಾಂಗಳನ್ನು ಐದರಿಂದ ಭಾಗಿಸಿದರೆ ಚಮಚ ಸಿಗುತ್ತದೆ. 100 ಗ್ರಾಂ ಪುಡಿಯಲ್ಲಿ 35 ಗ್ರಾಂ ಸಕ್ಕರೆ ಎಂದಿದ್ದರೆ, ಹಾಲಿಗೆ ಹಾಕುವ 20 ಗ್ರಾಂನಲ್ಲಿ 7 ಗ್ರಾಂ, ಸುಮಾರು ಒಂದೂವರೆ ಚಮಚ. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದು ತೂಕದಲ್ಲಿ ಹೆಚ್ಚಿರುವುದು, ಮೊದಲ ಮೂರರಲ್ಲಿ ಸಕ್ಕರೆ, ಮೈದಾ, ಪಾಮ್ ಎಣ್ಣೆ ಇದ್ದರೆ ವಾಪಸ್ ಇಡಿ.

ಬದಲಿಗೆ ಮನೆಯಲ್ಲಿರಬೇಕಾದ್ದು: ಬೇಯಿಸಿದ ಗೆಣಸು, ಏಲಕ್ಕಿ ಬಾಳೆ, ಪರಂಗಿ, ಸೀಬೆ, ಮೊಸರವಲಕ್ಕಿ, ಕೋಸಂಬರಿ, ಹುರಿಗಡಲೆ ಪುಡಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ನಾಲ್ಕು ವರ್ಷದೊಳಗೆ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಬೀಜ ಪುಡಿಯಾಗಲಿ, ದ್ರಾಕ್ಷಿ ಉದ್ದಕ್ಕೆ ನಾಲ್ಕು ಸೀಳಾಗಲಿ. ಹಬ್ಬದಲ್ಲಿ ಮೈಸೂರು ಪಾಕು ಬೇಡವೆನ್ನಬೇಕಿಲ್ಲ, ಊಟದ ಜೊತೆ ಒಂದು ತುಂಡು ಕೊಟ್ಟು ಮುಗಿಸಿ. ಹಲ್ಲು ಹುಳುಕಾಗಲು ಸಿಹಿಯ ಪ್ರಮಾಣದಷ್ಟೇ ಪದೇ ಪದೇ ತಿನ್ನುವುದೂ ಕಾರಣ. ಮೊದಲ ಹಲ್ಲು ಕಂಡ ದಿನದಿಂದ ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿಸಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಬಾಟಲಿ ಬಾಯಲ್ಲಿಟ್ಟು ಮಲಗಿಸಬಾರದು.

ಮೈ ದಣಿಯಬೇಕು

ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಓಡಾಡಬೇಕು. ಮೂರರ ಮೇಲೆ ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವ ಆಟವಿರಬೇಕು. ಒಂದೇ ಬಾರಿಗೆ ಬೇಕಿಲ್ಲ, ಚೂರುಚೂರು ಕೂಡಿದರೂ ಆಯಿತು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ, ಚೆಲುವಾಂಬ ಪಾರ್ಕ್ ಇವೆ. ನಾಲ್ಕೈದು ವರ್ಷದವರನ್ನು ಚಾಮುಂಡಿ ಬೆಟ್ಟದ ಮೇಲಿನಿಂದ ನಂದಿಯವರೆಗೆ ಮೆಟ್ಟಿಲಿಳಿಸಿ ಹತ್ತಿಸಬಹುದು, ತಪ್ಪಲಿನಿಂದ ಪೂರ್ತಿ ಹತ್ತಿಸುವ ಉತ್ಸಾಹ ಬೇಡ. ಮಳೆ ಬಂದರೆ ಮನೆಯೊಳಗೇ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ, ಕಪ್ಪೆ ಜಿಗಿತ, ಕಣ್ಣಾಮುಚ್ಚಾಲೆ. ಮಂಡ್ಯದ ಕಡೆ ಜಾಗಕ್ಕೆ ಬರವಿಲ್ಲ, ಆದರೆ ನಾಲೆ ಮತ್ತು ಕೃಷಿ ಹೊಂಡದ ಹತ್ತಿರ ಕೈಹಿಡಿದ ದೊಡ್ಡವರಿಲ್ಲದೆ ಮಗು ಹೋಗಲೇಬಾರದು. ಕಾಂಕ್ರೀಟ್ ಹಾಕಿದ ನಾಲೆಯ ಓರೆಗೋಡೆ ಪಾಚಿಕಟ್ಟಿ ಜಾರುತ್ತದೆ, ಬಿದ್ದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ.

ಅಂಗನವಾಡಿ, ತಾಯಿ ಕಾರ್ಡ್, ಆರನೇ ವಾರ

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನ (ತಾಯಿ, ಮಗುವಿನ ಆರೋಗ್ಯದ ದಾಖಲೆ) ಬೆಳವಣಿಗೆಯ ಗೆರೆಯಲ್ಲಿ ಗುರುತು ಹಾಕಿಸಿ. ಪಕ್ಕದ ಮನೆಯ ಮಗುವಿಗಿಂತ ಸಣ್ಣಗಿದೆಯೇ ಎಂಬುದು ಮುಖ್ಯವಲ್ಲ, ತನ್ನದೇ ಗೆರೆಯ ಜಾಡಿನಲ್ಲಿ ಏರುತ್ತಿದೆಯೇ ಎಂಬುದು ಮುಖ್ಯ. ಆರು ತಿಂಗಳಿಂದ ಐದು ವರ್ಷದವರ ಮೇಲ್ತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಎಚ್ಚರ, 11.5ಕ್ಕಿಂತ ಕಡಿಮೆಯಿದ್ದರೆ ಅದೇ ದಿನ ಆಸ್ಪತ್ರೆ. ಇದೇ ವಯಸ್ಸಿನವರಿಗೆ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ 1 ಮಿಲಿಲೀಟರ್, ಹಾಲಿನ ಜೊತೆಯಲ್ಲಲ್ಲ. ಮಲ ಕಪ್ಪಗಾದರೆ ಹೆದರಬೇಡಿ. ಎ ಜೀವಸತ್ವ ಒಂಬತ್ತು ತಿಂಗಳಿಂದ ಶುರುವಾಗಿ ಐದು ವರ್ಷದವರೆಗೆ ಒಟ್ಟು ಒಂಬತ್ತು ಸಲ. ಜಂತುಹುಳುವಿನ ಮಾತ್ರೆ ಒಂದು ವರ್ಷದ ಮೇಲೆ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ.

ಮಣ್ಣು, ಬಳಪ ತಿನ್ನುವ ಮಗು, ಅಂಗೈ ಬಿಳಿಚಿಕೊಂಡ ಮಗು, ದಿನವೂ ಬಾಯಿ ತೆರೆದು ಗೊರಕೆ ಹೊಡೆಯುವ ಮಗು ವೈದ್ಯರನ್ನು ಕಾಣಬೇಕು. ಒಂದೂವರೆ ವರ್ಷಕ್ಕೆ ಒಂದೂ ಮಾತಿಲ್ಲದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸದಿದ್ದರೆ, ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂದು ಕಾಯಬೇಡಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಪರೀಕ್ಷಿಸುತ್ತಾರೆ.

ಆರನೇ ವಾರದ ಕೊನೆಗೆ ಅದೇ ನೋಟ್‌ಬುಕ್ ತೆರೆದು ಮತ್ತೆ ಮೂರು ದಿನ ಬರೆಯಿರಿ, ಮೊದಲಿನ ಪುಟದ ಎದುರಿನ ಪುಟದಲ್ಲೇ. ಊಟ ಇನ್ನೂ ಎಂಟು ದಾಟುತ್ತಿದ್ದರೆ ಬೇರೆಲ್ಲ ಬಿಟ್ಟು ಅದೊಂದನ್ನೇ ಇನ್ನೆರಡು ವಾರ ಹಿಡಿಯಿರಿ. ಊಟ ಸರಿಹೋಗಿ ನಿದ್ದೆ ಸರಿಹೋಗಿಲ್ಲವಾದರೆ ಮಧ್ಯಾಹ್ನದ ನಿದ್ದೆಯ ಸಾಲು ನೋಡಿ, ಅದು ನಾಲ್ಕೂವರೆಯವರೆಗೆ ಜಾರಿರುತ್ತದೆ.